ಬೋರ್ಡಿಲ್ಲದ ನರ್ಸರಿ, ಹೂ ಬಿಡದ ನನ್ನ ಮಲ್ಲಿಗೆ

ಮೈಸೂರಿನ ಎಚ್.ಡಿ. ಕೋಟೆ ರಸ್ತೆಯಲ್ಲಿ ರಿಂಗ್ ರೋಡ್ ದಾಟಿ ಸ್ವಲ್ಪ ಮುಂದೆ ಹೋದರೆ ಎಡಗಡೆ ಒಂದು ದೊಡ್ಡ ಹೊಂಗೆ ಮರ ಇದೆ. ಅದರ ಹಿಂದೆ ಹಸಿರು ನೆಟ್ ಕಟ್ಟಿದ ಜಾಗವೇ ಈ ನರ್ಸರಿ. ಬೋರ್ಡ್ ಇಲ್ಲ. ಹೆಸರು ಏನು ಅಂತ ಕೇಳಿದೆ, ಇಟ್ಟಿಲ್ಲ ಅಂದರು. ಒಬ್ಬರು ವಯಸ್ಸಾದ ಯಜಮಾನರು ಮತ್ತು ಅವರ ಸೊಸೆ ನಡೆಸುತ್ತಾರೆ. ನಾನು ಮೊದಲ ಸಲ ಹೋದ ದಿನ ಅವರು ನನಗೆ ಒಂದು ರೂಪಾಯಿಯ ಸಾಮಾನೂ ಮಾರಲಿಲ್ಲ. ಮುಕ್ಕಾಲು ಗಂಟೆ ಕೂರಿಸಿಕೊಂಡು ನನ್ನ ಮಲ್ಲಿಗೆ ಗಿಡ ಯಾಕೆ ಹೂ ಬಿಡ್ತಿಲ್ಲ ಅಂತ ಹೇಳಿ ಕಳಿಸಿದರು. ಆಗಲೇ ಇವರ ಬಗ್ಗೆ ಬರೆಯಬೇಕು ಅನ್ನಿಸಿತ್ತು. ಆದರೆ ಅವರು ಹೇಳಿದ್ದು ನಿಜವಾ ಅಂತ ನೋಡದೆ ಬರೆಯೋದು ಸರಿಯಲ್ಲ ಅಲ್ವಾ? ಹಾಗಾಗಿ ಒಂದು ಪೂರ್ತಿ ಸೀಸನ್ ಕಾದು ಈಗ ಬರೆಯುತ್ತಿದ್ದೇನೆ.

ನಮ್ಮ ಮನೆ ಕುವೆಂಪುನಗರದಲ್ಲಿ. ನಾನು 22 ವರ್ಷದಿಂದ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಮ್ಮತ್ತೆಗೆ ಈಗ 78. ಕಣ್ಣು ಮಂಜಾಗಿದೆ, ಆದರೆ ಬಾಳೆನಾರು ಕೈಗೆ ಕೊಟ್ಟರೆ ನೋಡದೆಯೇ ಒತ್ತಾಗಿ ಮಾಲೆ ಕಟ್ಟುತ್ತಾರೆ. ಪ್ರತಿ ಶುಕ್ರವಾರ ದೇವರಾಜ ಮಾರ್ಕೆಟ್‌ನಿಂದ ಬಿಡಿ ಹೂ ಬರಬೇಕು. ಮದುವೆ ಸೀಸನ್‌ನಲ್ಲಿ ಮಲ್ಲಿಗೆ ರೇಟು ಕೇಳಿದರೆ ಎದೆ ಧಸಕ್ ಅನ್ನುತ್ತೆ. ಮೈಸೂರಲ್ಲಿ ಇದ್ದುಕೊಂಡು ಮಲ್ಲಿಗೆಗೆ ಇಷ್ಟು ದುಡ್ಡು ಕೊಡೋದಾ ಅಂತ ಅವರಿಗೆ ಸಂಕಟ. ಅವರ ತವರು ಶ್ರೀರಂಗಪಟ್ಟಣದ ಹತ್ತಿರ. ಹಿತ್ತಲಲ್ಲೇ ಹತ್ತು ಬುಡ ದುಂಡು ಮಲ್ಲಿಗೆ ಇತ್ತಂತೆ. ಅವರಿಗಾಗಿಯೇ ನಾನು 2023ರ ಏಪ್ರಿಲ್‌ನಲ್ಲಿ ಒಂದು ಗಿಡ ತಂದೆ.

ಅದನ್ನು ತಂದದ್ದು ಬೇರೆ ಅಂಗಡಿಯಿಂದ, ಊರೊಳಗಿನ ಒಂದು ದೊಡ್ಡ ನರ್ಸರಿ. ಅದರ ಹೆಸರು ಇಲ್ಲಿ ಬೇಡ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದೂವರೆ ಅಡಿ ಗಿಡ, ಮೈತುಂಬ ಮೊಗ್ಗು. 180 ರೂಪಾಯಿ. ವರ್ಷವಿಡೀ ಹೂ ಬಿಡುತ್ತೆ ಅಂದರು. ಮನೆಗೆ ತಂದು ಗೇಟಿನ ಪಕ್ಕ ಹೊಸ ಸಿಮೆಂಟ್ ಕುಂಡದಲ್ಲಿ ನೆಟ್ಟೆ. ಎರಡು ವಾರದಲ್ಲಿ 43 ಹೂ ಬಿಟ್ಟಿತು. ನಾನು ಆರ್ಡರ್ ಬರೆಯುವ ಪುಸ್ತಕದ ಕೊನೆ ಹಾಳೆಯಲ್ಲಿ ಎಣಿಸಿ ಬರೆದಿಟ್ಟಿದ್ದೇನೆ. ಅಷ್ಟೇ. ಆಮೇಲೆ ಒಂದೂವರೆ ವರ್ಷ ಒಂದು ಮೊಗ್ಗೂ ಇಲ್ಲ.

ಮೂರು ಸಲ ಅದೇ ಅಂಗಡಿಗೆ ಹೋಗಿ ಕೇಳಿದೆ. ಮೊದಲ ಸಲ 19:19:19 ಅನ್ನುವ ಗೊಬ್ಬರದ ಪೊಟ್ಟಣ ಕೊಟ್ಟರು, 220 ರೂಪಾಯಿ. ಎರಡನೇ ಸಲ ಗಿಡಕ್ಕೆ ಶಕ್ತಿ ಸಾಲದು, ವಾರಕ್ಕೊಂದು ಚಮಚ ಯೂರಿಯಾ ಹಾಕಿ ಅಂದರು, 40 ರೂಪಾಯಿ. ಮೂರನೇ ಸಲ ಹೂವಿನ ಟಾನಿಕ್ ಅಂತ ಒಂದು ಬಾಟಲಿ, 260 ರೂಪಾಯಿ. ಗಿಡ 180, ಕುಂಡ 350 ಸೇರಿಸಿದರೆ ಒಟ್ಟು 1,050. ಮೂರು ಸಲದಲ್ಲಿ ಒಂದು ಸಲವೂ ಗಿಡ ಎಲ್ಲಿಟ್ಟಿದ್ದೀರಿ ಅಂತ ಯಾರೂ ಕೇಳಲಿಲ್ಲ. ದುಡ್ಡಿಗಿಂತ ಇದೇ ನನಗೆ ಬೇಜಾರು. ರವಿಕೆ ಹೊಲಿಸಲು ಬಂದವರ ಅಳತೆ ತೆಗೆದುಕೊಳ್ಳದೆ ನಾನು ಬಟ್ಟೆಗೆ ಕತ್ತರಿ ಹಾಕಿದರೆ ಹೇಗಿರುತ್ತೆ?

ಗಿಡ ಮಾತ್ರ ಸೊಗಸಾಗಿತ್ತು. ಎಲೆ ಅಂಗೈ ಅಗಲ, ಕಡು ಹಸಿರು. ಬಂದವರೆಲ್ಲ ಎಷ್ಟು ಚೆನ್ನಾಗಿ ಸಾಕಿದ್ದೀರಿ ಅನ್ನೋರು. 2024ರ ಬೇಸಿಗೆಯಲ್ಲಿ ನೀರಿಗೆ ಎಷ್ಟು ಕಷ್ಟ ಇತ್ತು, ನೆನಪಿದೆಯಲ್ಲ? ಆಗಲೂ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ತಪ್ಪಿಸದೆ ಹಾಕಿದೆ. ಎದುರು ಮನೆಯ ಗಿಡದಲ್ಲಿ ಏಪ್ರಿಲ್ ಪೂರ್ತಿ ಹೂವು. ನಮ್ಮತ್ತೆ ದಿನಾ ಸಂಜೆ ಗೇಟಿನ ಹತ್ತಿರ ಹೋಗಿ ಕೊಂಬೆಯ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿ ಒಳಗೆ ಬರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ.

ದಸರಾ ಹೊತ್ತಿಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಅಲ್ಲಿನ ಗಿಡದ ಮಳಿಗೆಯಲ್ಲೂ ಕೇಳಿದೆ. ಆ ಜನಜಂಗುಳಿಯಲ್ಲಿ ಯಾರಿಗೆ ತಾನೇ ಪುರುಸೊತ್ತು? ಕೊನೆಗೆ ರವಿಕೆ ಹೊಲಿಸಲು ಬರುವ ಒಬ್ಬರು ಈ ಬೋರ್ಡಿಲ್ಲದ ನರ್ಸರಿ ಬಗ್ಗೆ ಹೇಳಿದರು. ದಸರಾ, ದೀಪಾವಳಿ ನನಗೆ ಉಸಿರಾಡಲೂ ಬಿಡುವಿಲ್ಲದ ಕಾಲ. ಎಲ್ಲ ಮುಗಿಸಿ ನವೆಂಬರ್ 5ಕ್ಕೆ ಹೋದರೆ ಗೇಟಿಗೆ ಬೀಗ. ಮಂಗಳವಾರ ರಜೆಯಂತೆ. ಪಕ್ಕದ ಟೀ ಅಂಗಡಿಯವರಿಂದ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಫೋಟೋ ಕಳಿಸಲಾ ಅಂತ ಕೇಳಿದೆ. ಯಜಮಾನರು, "ಫೋಟೋ ಬೇಡಮ್ಮ, ಒಂದು ಕೊಂಬೆ ಕತ್ತರಿಸಿಕೊಂಡು ಬನ್ನಿ. ಜೊತೆಗೆ ಒಂದು ಹಿಡಿ ಮಣ್ಣು," ಅಂದರು.

ಗುರುವಾರ ಒಂದು ಅಡಿ ಉದ್ದದ ಕೊಂಬೆ ಕತ್ತರಿಸಿ, ಒದ್ದೆ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಅವರು ಅದನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಮೊದಲು ಒಂದು ಗೆಣ್ಣಿಗೂ ಇನ್ನೊಂದು ಗೆಣ್ಣಿಗೂ ನಡುವೆ ಬೆರಳಿಟ್ಟು ನೋಡಿದರು. ನಾಲ್ಕು ಬೆರಳು ಹಿಡಿಯಿತು. ಎದ್ದು ಹೋಗಿ ತಮ್ಮ ಮಡಿಯಿಂದ ಒಂದು ಕೊಂಬೆ ಮುರಿದು ತಂದು ಪಕ್ಕದಲ್ಲಿಟ್ಟರು. ಅದರಲ್ಲಿ ಎರಡು ಬೆರಳಿಗೇ ಗೆಣ್ಣು. ಎಲೆ ಸಣ್ಣದು, ದಪ್ಪ, ಬಣ್ಣ ಸ್ವಲ್ಪ ತೆಳು. ನನ್ನ ಕೊಂಬೆ ಬಾಗಿಸಿದರೆ ಬಳ್ಳಿಯ ಹಾಗೆ ಬಾಗಿತು. ಅವರದ್ದು ಬಾಗಿಸಲು ಹೋದರೆ ಚಟ್ ಅಂದಿತು. "ನಿಮ್ಮ ಗಿಡ ಬಿಸಿಲು ಹುಡುಕಿಕೊಂಡು ಉದ್ದ ಆಗಿದೆ. ಯೂರಿಯಾ ತಿಂದು ಎಲೆ ಮಾಡಿದೆ. ರೋಗ ಏನೂ ಇಲ್ಲ," ಅಂದರು. ಆಮೇಲೆ ಕೊಂಬೆಯ ತುದಿ ತೋರಿಸಿ, "ಇದನ್ನ ಯಾರು ಕತ್ತರಿಸಿದ್ದು?" ಅಂತ ಕೇಳಿದರು.

ನಾನೇ. ತಿಂಗಳಿಗೊಂದು ಸಲ, ನೀಟಾಗಿ ಇರಲಿ ಅಂತ ಸುತ್ತಲೂ ತುದಿ ಕತ್ತರಿಸುತ್ತಿದ್ದೆ. ರವಿಕೆಯ ಅಂಚಿನ ದಾರ ಕತ್ತರಿಸುವ ಅಭ್ಯಾಸ, ಕೈ ಸುಮ್ನೆ ಇರಲ್ಲ. ದುಂಡು ಮಲ್ಲಿಗೆ ಹೂ ಬಿಡೋದೇ ಹೊಸ ಚಿಗುರಿನ ತುದಿಯಲ್ಲಿ. ಒಂದು ತುದಿಗೆ ಸಾಮಾನ್ಯವಾಗಿ ಮೂರು ಮೊಗ್ಗು, ನಡುವಿನದು ಮೊದಲು ಅರಳುತ್ತೆ, ಆಮೇಲೆ ಅಕ್ಕಪಕ್ಕದ್ದು. ಚಿಗುರು ಬೆಳೆದು ಆ ಮೂರು ಮೊಗ್ಗು ಕಟ್ಟುವ ಹೊತ್ತಿಗೆ ನಾನು ಕತ್ತರಿ ಹಾಕಿಬಿಡುತ್ತಿದ್ದೆ. ಇದನ್ನು ಕೇಳಿದಾಗ ಅಲ್ಲೇ ಕಣ್ಣು ತುಂಬಿ ಬಂತು. ಎಷ್ಟು ಮೊಗ್ಗು ನನ್ನ ಕೈಯಲ್ಲೇ ಹೋಯಿತೋ.

ಅವರು ಬೈಯಲಿಲ್ಲ. ಒಂದೊಂದಾಗಿ ಕೇಳುತ್ತಾ ಹೋದರು. ಮನೆ ಯಾವ ದಿಕ್ಕಿಗೆ? ಕುಂಡ ಎಲ್ಲಿದೆ? ನೀರು ಎಷ್ಟು, ಯಾವಾಗ? ಏನೇನು ಹಾಕಿದಿರಿ? ಗಿಡಕ್ಕೆ ವಯಸ್ಸೆಷ್ಟು? ನೆಡುವಾಗ ಬೇರು ಬಿಡಿಸಿದಿರಾ? ನಾನು ಒಯ್ದಿದ್ದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟರು. ಉಂಡೆ ಹಾಗೇ ನಿಂತಿತು. ನೀರು ಜಾಸ್ತಿ ಆಯಿತು ಅಂದರು.

ವಯಸ್ಸಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಮಲ್ಲಿಗೆಯನ್ನು ಕಡ್ಡಿಯಿಂದ ಮಾಡುತ್ತಾರೆ. ಆ ಕಡ್ಡಿಗೆ ಮೊದಲ ವರ್ಷ ಬೇರು ಮತ್ತು ಕೊಂಬೆ ಮಾಡಿಕೊಳ್ಳುವುದೇ ದೊಡ್ಡ ಕೆಲಸ. ಲೆಕ್ಕಕ್ಕೆ ಸಿಗುವಷ್ಟು ಹೂ ಬರೋದು ಎರಡನೇ ವರ್ಷದಿಂದ. ಅಂಗಡಿಯಲ್ಲಿ ಮೊಗ್ಗು ತುಂಬಿದ ಎಳೆ ಗಿಡ ಕಣ್ಣಿಗೆ ಹಬ್ಬ. ಆದರೆ ಅದು ಅಲ್ಲಿನ ಪೂರ್ತಿ ಬಿಸಿಲಲ್ಲಿ, ಇಕ್ಕಟ್ಟು ಚೀಲದಲ್ಲಿ ಬೆಳೆದಿರುತ್ತೆ. ಮನೆಗೆ ತಂದು ನೆರಳಲ್ಲಿ, ದೊಡ್ಡ ಕುಂಡದಲ್ಲಿ, ಒದ್ದೆ ಮಣ್ಣಲ್ಲಿ ಇಟ್ಟರೆ ಇದ್ದ ಮೊಗ್ಗು ಅರಳಿಸಿ ಮುಗಿಸುತ್ತೆ. ಮುಂದಿನದಕ್ಕೆ ಬೇಕಾದ ಬಿಸಿಲು ಅಲ್ಲಿ ಇರಲ್ಲ. ಅದಕ್ಕೇ ಈ ಯಜಮಾನರು ಮೊಗ್ಗಿಲ್ಲದ, ಬುಡದಿಂದಲೇ ನಾಲ್ಕೈದು ಕವಲು ಒಡೆದ ಗಿಡ ತೆಗೆದುಕೊಳ್ಳಿ ಅನ್ನುತ್ತಾರೆ. ಅವರಲ್ಲಿ ಅಂಥ ಗಿಡ 90 ರೂಪಾಯಿ. ನನಗೆ ಮಾರಬಹುದಿತ್ತು, ನಾನೂ ಕೇಳಿದೆ. "ಇರೋದನ್ನ ಮೊದಲು ಸರಿ ಮಾಡಿ. ಅದೇ ಜಾಗಕ್ಕೆ ಇದನ್ನ ತಗೊಂಡು ಹೋಗಿ ಇಟ್ಟರೆ ಇದೂ ಹಂಗೇ ಆಗುತ್ತೆ," ಅಂದರು.

ಬಿಸಿಲು ಅಳೆಯೋದು ಹೇಗೆ ಅಂತಲೂ ಅವರೇ ಹೇಳಿಕೊಟ್ಟರು. ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆ ತನಕ, ಕುಂಡದ ಮೇಲೆ ಬಿಸಿಲು ಬಿದ್ದಾಗ, ಹೋದಾಗ ಗುರುತು ಹಾಕಬೇಕು. ನವೆಂಬರ್ 10ರಂದು ಟೈಲರಿಂಗ್ ಚಾಕ್ ಹಿಡಿದು ಕೂತೆ. 7:05ಕ್ಕೆ ಪಕ್ಕದ ಮನೆಯ ಸಂದಿಯಿಂದ ಒಂದು ಪಟ್ಟಿ ಬಿಸಿಲು ಬಂತು. 8:30ಕ್ಕೆ ಹೋಯಿತು. ಆಮೇಲೆ ನೆರಳೇ ನೆರಳು. ಮಧ್ಯಾಹ್ನ ನಮ್ಮ ಮನೆಯ ನೆರಳು ಗೇಟು ದಾಟಿ ರಸ್ತೆಗೆ ಚಾಚಿತ್ತು. ಸಂಜೆ 4:05ಕ್ಕೆ ಇನ್ನೊಂದು ತುಂಡು ಬಿಸಿಲು, 4:50ಕ್ಕೆ ಅದೂ ಇಲ್ಲ. ಒಟ್ಟು 2 ಗಂಟೆ 10 ನಿಮಿಷ. ಮಲ್ಲಿಗೆಗೆ ದಿನಕ್ಕೆ ಕಡಿಮೆ ಅಂದರೂ 6 ಗಂಟೆ ನೇರ ಬಿಸಿಲು ಬೇಕು.

ನಾನು ನಂಬಲಿಲ್ಲ. ಏಪ್ರಿಲ್, ಮೇನಲ್ಲಿ ಅದೇ ಜಾಗದಲ್ಲಿ ಮಧ್ಯಾಹ್ನ ಕಾಲಿಡೋಕೆ ಆಗಲ್ಲ, ಅಷ್ಟು ಸುಡುತ್ತೆ. ಅದಕ್ಕೇ ಅಲ್ಲಿ ಇಟ್ಟಿದ್ದು. ಫೋನ್ ಮಾಡಿ ಕೇಳಿದಾಗ ಅವರು ನಮ್ಮ ಮನೆ ಉತ್ತರಕ್ಕೆ ಮುಖ ಮಾಡಿರೋದನ್ನು ನೆನಪಿಸಿದರು. ಮೈಸೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಆಗ ಉತ್ತರದ ಅಂಗಳಕ್ಕೂ ಬಿಸಿಲು. ಉಳಿದ ಕಾಲ ದಕ್ಷಿಣಕ್ಕೆ ವಾಲಿರುತ್ತಾನೆ, ಚಳಿಗಾಲದಲ್ಲಂತೂ ಜಾಸ್ತಿ. ಎರಡಂತಸ್ತಿನ ಮನೆಯ ನೆರಳು ಉತ್ತರದ ಅಂಗಳದ ಮೇಲೆ ಬಿದ್ದೇ ಇರುತ್ತೆ. ಮಲ್ಲಿಗೆ ಹೊಸ ಚಿಗುರು ಒಡೆದು ಹೂವಿಗೆ ತಯಾರಾಗುವ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ನನ್ನ ಗಿಡ ನೆರಳಲ್ಲಿ ನಿಂತಿತ್ತು. ಉತ್ತರಾಯಣ, ದಕ್ಷಿಣಾಯನ ಅಂತ ಪಂಚಾಂಗದಲ್ಲಿ ಓದುತ್ತಲೇ ಬೆಳೆದಿದ್ದೇನೆ, ಅದು ನನ್ನ ಕುಂಡದ ಲೆಕ್ಕ ಅಂತ ಹೊಳೆದಿರಲಿಲ್ಲ. ಮುಂದಿನ ಭಾನುವಾರ ಮಗ ಮತ್ತು ಅವನ ಸ್ನೇಹಿತ ಸೇರಿ ಕುಂಡವನ್ನು ತಾರಸಿಗೆ ಹೊತ್ತರು. ಅಲ್ಲಿ ಚಾಕ್ ಲೆಕ್ಕದಲ್ಲಿ 8 ಗಂಟೆ ದಾಟಿತು.

ಯೂರಿಯಾ ಲೆಕ್ಕವನ್ನೂ ನಾನೇ ಮಾಡಿದೆ, ಯಾಕೆಂದರೆ ಚಮಚ ಚಿಕ್ಕದು, ಅದರಿಂದ ಏನು ಮಹಾ ಅಂದುಕೊಂಡಿದ್ದೆ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟಾಗ ಟೀ ಚಮಚ 5 ಗ್ರಾಂ ತೂಗಿತು. ವಾರಕ್ಕೊಂದು ಅಂದರೆ ವರ್ಷಕ್ಕೆ 260 ಗ್ರಾಂ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಅಂದರೆ ಸುಮಾರು 120 ಗ್ರಾಂ ಸಾರಜನಕ. ಹೊಲದಲ್ಲಿ ಬೆಳೆಯುವ ದೊಡ್ಡ ದುಂಡು ಮಲ್ಲಿಗೆ ಬುಡಕ್ಕೇ ವರ್ಷಕ್ಕೆ 60 ಗ್ರಾಂ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 120 ಗ್ರಾಂ ಅಂತ ಶಿಫಾರಸು ಇದೆ, ಅದೂ ಎರಡು ಕಂತಲ್ಲಿ. ನಾನು ಒಂದು ಕುಂಡದ ಎಳೆ ಗಿಡಕ್ಕೆ ಅದರ ಎರಡರಷ್ಟು ಸಾರಜನಕ ಸುರಿದಿದ್ದೆ, 19:19:19 ಲೆಕ್ಕಕ್ಕೆ ಸೇರಿಸದೆ. ಸಾರಜನಕ ಹೆಚ್ಚಾದರೆ ಗಿಡ ಎಲೆ, ಕಾಂಡ ಬೆಳೆಸುತ್ತಲೇ ಇರುತ್ತೆ, ಹೂವಿನ ಕಡೆ ತಿರುಗಲ್ಲ. ಎಲೆಯ ತುದಿ ಅಲ್ಲಲ್ಲಿ ಸುಟ್ಟ ಹಾಗೆ ಕಂದು ಆಗಿದ್ದಕ್ಕೂ ಇದೇ ಕಾರಣ ಅಂತ ಆಮೇಲೆ ಗೊತ್ತಾಯಿತು. ನಾನು ಅದನ್ನು ನೀರು ಸಾಲದೆ ಆಗಿದ್ದು ಅಂದುಕೊಂಡು ಇನ್ನಷ್ಟು ನೀರು ಹಾಕುತ್ತಿದ್ದೆ.

ಪೊಟ್ಟಣದ ಮೇಲಿನ ಮೂರು ಅಂಕಿ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಅಂಗಡಿಯವರು ಹೂವಿನ ಗೊಬ್ಬರ ಅಂತ ಏನೇ ಕೊಟ್ಟರೂ ಮೊದಲ ಅಂಕಿ ನೋಡಿ.

ಮುಂದಿನದು ಕತ್ತರಿಸುವ ಕೆಲಸ. ನವೆಂಬರ್ ಮಧ್ಯದಿಂದ ಹತ್ತು ಹನ್ನೆರಡು ದಿನ ನೀರು ಪೂರ್ತಿ ನಿಲ್ಲಿಸಲು ಹೇಳಿದ್ದರು. ನಮ್ಮತ್ತೆಗೆ ಇದು ಸಹಿಸಲಾಗಲಿಲ್ಲ. ರಾತ್ರಿ ಚೊಂಬಲ್ಲಿ ನೀರು ತೆಗೆದುಕೊಂಡು ತಾರಸಿ ಮೆಟ್ಟಿಲು ಹತ್ತಲು ಹೊರಟಿದ್ದರು, ನಾನು ತಡೆದೆ. ಎಲೆ ಜೋಲುಬಿದ್ದು ಹಳದಿ ಆಗತೊಡಗಿತು. ನವೆಂಬರ್ 28ಕ್ಕೆ ನರ್ಸರಿಗೆ ಹೋಗಿ ಅವರ ಕತ್ತರಿ ಕಡ ತಂದೆ. ನನ್ನ ಬಟ್ಟೆ ಕತ್ತರಿಯಲ್ಲಿ ಕೊಂಬೆ ಜಜ್ಜಿಹೋಗುತ್ತೆ ಅಂತ ಅವರೇ ಕೊಟ್ಟರು, ಅಡವಿಟ್ಟುಕೊಳ್ಳದೆ. ಆ ದಿನ ಎರಡು ಕೆಜಿ ಎರೆಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ, ಒಂದಿಷ್ಟು ಮೂಳೆ ಪುಡಿ ತೆಗೆದುಕೊಂಡೆ. ಎಲ್ಲ ಸೇರಿ 130 ರೂಪಾಯಿ. ಆ ನರ್ಸರಿಗೆ ನಾನು ಕೊಟ್ಟ ಮೊದಲ ದುಡ್ಡು ಅದು.

22 ವರ್ಷದಲ್ಲಿ ಎಷ್ಟೋ ರೇಷ್ಮೆಗೆ ಕತ್ತರಿ ಹಾಕಿದ್ದೇನೆ, ಕೈ ನಡುಗಿಲ್ಲ. ಅವತ್ತು ನಡುಗಿತು. ನಾಲ್ಕಡಿ ಗಿಡವನ್ನು ಒಂದೂವರೆ ಅಡಿಗೆ ಇಳಿಸಬೇಕು. ಗೆಣ್ಣಿನಿಂದ ಒಂದು ಬೆರಳು ಮೇಲೆ, ಓರೆಯಾಗಿ. ಮೊದಲ ಕೊಂಬೆ ಕತ್ತರಿಸಿದಾಗ ಒಳಗೆ ಬೆಳ್ಳಗೆ, ಸುತ್ತ ಹಸಿರು ಬಳೆಯ ಹಾಗೆ ಕಂಡಿತು. ಜೀವ ಇದೆ ಅಂತ ಧೈರ್ಯ ಬಂತು. ಒಣಗಿದ್ದನ್ನು, ಒಳಗೊಳಗೆ ಹೆಣೆದುಕೊಂಡಿದ್ದ ಸಣ್ಣ ಕಡ್ಡಿಗಳನ್ನು ಬುಡಕ್ಕೇ ತೆಗೆದೆ. ಉಳಿದ ಎಲೆಯನ್ನೂ ಕೈಯಲ್ಲೇ ಉದುರಿಸಿದೆ. ಕೊನೆಗೆ ಕುಂಡದಲ್ಲಿ ಉಳಿದದ್ದು ಹನ್ನೊಂದು ಬೋಳು ಕೋಲು. ಮೇಲಿನ ಮಣ್ಣು ನಾಲ್ಕು ಬೆರಳಷ್ಟು ಕೆದಕಿ ತೆಗೆದು, ಗೊಬ್ಬರ ಬೆರೆಸಿದ ಹೊಸ ಮಣ್ಣು ತುಂಬಿ, ಕುಂಡದ ತೂತಿನಿಂದ ಹೊರಗೆ ಹರಿಯುವ ತನಕ ನೀರು ಕೊಟ್ಟೆ. ಆಮೇಲೆ ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ನೀರು. ಚಳಿಯಲ್ಲಿ ಅದು ಮೂರು ದಿನಕ್ಕೊಮ್ಮೆ ಆಗುತ್ತಿತ್ತು. ಹಿಂದೆ ನಾನು ದಿನಾ ಎರಡು ಹೊತ್ತು ಹಾಕುತ್ತಿದ್ದೆ.

ಎರಡು ವಾರ ಏನೂ ಇಲ್ಲ. ಹದಿನೇಳನೇ ದಿನ ಒಂದು ಗೆಣ್ಣಿನಲ್ಲಿ ಅಕ್ಕಿನುಚ್ಚಿನಷ್ಟು ಕೆಂಪು ಮಿಶ್ರಿತ ಹಸಿರು. ಸಂಕ್ರಾಂತಿ ಹೊತ್ತಿಗೆ ಹನ್ನೊಂದು ಕೋಲಿನಿಂದಲೂ ಚಿಗುರು. ಈ ಸಲ ಕತ್ತರಿಯನ್ನು ಬೀರುವಿನ ಮೇಲೆ ಇಟ್ಟುಬಿಟ್ಟೆ. ಫೆಬ್ರವರಿ ಕೊನೆಯಲ್ಲಿ ತುದಿಗಳಲ್ಲಿ ಎರಡು ಸಣ್ಣ ಎಲೆ ನಡುವೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮೂರು ಮಣಿ ಕಂಡವು. ಯಜಮಾನರು ಹೇಳಿದ್ದ ಹಾಗೇ, ನಡುವಿನದು ದೊಡ್ಡದು, ಪಕ್ಕದ ಎರಡು ಚಿಕ್ಕವು. ನಮ್ಮತ್ತೆಯನ್ನು ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದೆ. ಅವರಿಗೆ ಕಾಣಿಸಲಿಲ್ಲ. ಬೆರಳಲ್ಲಿ ಮುಟ್ಟಿ, "ಮೂರಿದೆ," ಅಂದರು.

2025ರ ಮಾರ್ಚ್ 9, ಭಾನುವಾರ ರಾತ್ರಿ ಮೊದಲ ಹೂ ಅರಳಿತು. ಮಾರ್ಚ್, ಏಪ್ರಿಲ್‌ನಲ್ಲಿ 138. ಮೇ, ಜೂನ್‌ನಲ್ಲಿ 190. ಒಟ್ಟು 328, ಎಲ್ಲ ಅದೇ ಆರ್ಡರ್ ಪುಸ್ತಕದಲ್ಲಿದೆ. ನಮ್ಮತ್ತೆಯ ಒತ್ತು ಮಾಲೆಗೆ ಮೊಳಕ್ಕೆ 70 ಮೊಗ್ಗು ಹತ್ತಿರ ಬೇಕು. ಒಂದೇ ದಿನ ಅಷ್ಟು ಸಿಕ್ಕಿಲ್ಲ, ಹೆಚ್ಚೆಂದರೆ 24. ದೇವರಿಗೆ ಗೇಣುದ್ದ ಕಟ್ಟಿ, ಉಳಿದ ನಾಲ್ಕನ್ನು ತಮ್ಮ ತುರುಬಿಗೆ ಇಟ್ಟುಕೊಳ್ಳುತ್ತಾರೆ. ಶುಕ್ರವಾರದ ಮಾರ್ಕೆಟ್ ಹೂವು ಇನ್ನೂ ನಿಂತಿಲ್ಲ, ಕಡಿಮೆ ಆಗಿದೆ.

ನಡುವೆ ಏಪ್ರಿಲ್‌ನಲ್ಲಿ ಒಂದು ತೊಂದರೆ ಆಯಿತು. ಕೆಲವು ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ದಪ್ಪ ಆಗದೆ ಉದುರತೊಡಗಿದವು. ಒಂದು ಮೊಗ್ಗು ಡಬ್ಬಿಯಲ್ಲಿ ಹಾಕಿಕೊಂಡು ಓಡಿದೆ. ಯಜಮಾನರು ಉಗುರಿನಿಂದ ಸೀಳಿ, ಒಳಗಿದ್ದ ಸಣ್ಣ ಬಿಳಿ ಹುಳ ತೋರಿಸಿದರು. ಮೊಗ್ಗಿನ ನೊಣದ ಮರಿ. ಬಣ್ಣ ತಿರುಗಿದ ಮೊಗ್ಗನ್ನು ದಿನಾ ಕಿತ್ತು, ಉದುರಿದ್ದನ್ನೂ ಆರಿಸಿ ದೂರ ಹಾಕಿ, ಆ ಹುಳ ಮಣ್ಣಿಗೆ ಇಳಿದು ಕೋಶ ಕಟ್ಟುತ್ತೆ, ಹಾಗಾಗಿ ಮೇಲ್ಮಣ್ಣು ಕೆದಕುತ್ತಿರಿ ಅಂದರು. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಸಂಜೆ ಹೊಡೆದೆ. ಮೂರು ವಾರದಲ್ಲಿ ಹತೋಟಿಗೆ ಬಂತು. ಹೂ ಬಿಡದೇ ಇರೋದು ಬೇರೆ, ಬಿಟ್ಟ ಮೊಗ್ಗು ಉದುರೋದು ಬೇರೆ. ಎರಡಕ್ಕೂ ಒಂದೇ ಬಾಟಲಿ ಕೊಡುವ ಅಂಗಡಿಯನ್ನು ನಂಬಬೇಡಿ.

ಇನ್ನೊಂದು ವಿಷಯಕ್ಕೆ ಇವರನ್ನು ಮೆಚ್ಚಬೇಕು. ಮೈಸೂರು ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇರೋದರಿಂದ ಎಷ್ಟೋ ಕಡೆ ಯಾವ ಮಲ್ಲಿಗೆ ಕೊಟ್ಟರೂ ಅದೇ ಹೆಸರು ಹೇಳಿ ಕೊಡುತ್ತಾರೆ. ಇಲ್ಲಿ ದುಂಡು ಮಲ್ಲಿಗೆ, ಸೂಜಿ ಮಲ್ಲಿಗೆ, ಕಾಕಡ, ಜಾಜಿ ಎಲ್ಲ ಬೇರೆ ಬೇರೆ ಸಾಲು. ಏಳು ಸುತ್ತಿನ ಮಲ್ಲಿಗೆ ಕೇಳಿದ ಒಬ್ಬರಿಗೆ, ಅದು ನೋಡಲು ಚೆಂದ, ಆದರೆ ಹೂ ಕಡಿಮೆ, ಮಾಲೆ ಕಟ್ಟೋಕೆ ಅಂತ ತಗೋಬೇಡಿ ಅಂತ ನನ್ನ ಎದುರೇ ಹೇಳಿದರು. ಸಂಪಿಗೆ ಕೇಳಿದವರಿಗೆ, ಬೀಜದ ಗಿಡವಾದರೆ ಹೂವಿಗೆ ಎಷ್ಟೋ ವರ್ಷ ಕಾಯಬೇಕು, ಕಸಿ ಗಿಡ ಬೇಗ ಬಿಡುತ್ತೆ ಅಂತ ಎರಡನ್ನೂ ತೋರಿಸಿ, ಕಾಂಡದ ಮೇಲೆ ಕಸಿ ಕಟ್ಟಿದ ಗಂಟನ್ನು ಮುಟ್ಟಿಸಿದರು.

ಕೊರತೆಗಳೂ ಇವೆ. ಗಿಡಗಳ ಮೇಲೆ ಚೀಟಿ ಇಲ್ಲ, ಯಜಮಾನರು ಇಲ್ಲದಿದ್ದರೆ ಸೊಸೆಯೇ ಎಲ್ಲ ನೆನಪಿಂದ ಹೇಳಬೇಕು. ಪಾಪ, ಒಂದು ಸಲ ನನಗೆ ಕಾಕಡದ ಬದಲು ಸೂಜಿ ಮಲ್ಲಿಗೆ ತೋರಿಸಿ ಆಮೇಲೆ ಸರಿಪಡಿಸಿಕೊಂಡರು. ಹೊಸಬರಿಗೆ ಇದು ಕಷ್ಟ. ಮಳೆಗಾಲದಲ್ಲಿ ಒಳಗಿನ ದಾರಿ ಕೆಸರು, ವಯಸ್ಸಾದವರನ್ನು ಕರೆದುಕೊಂಡು ಹೋಗೋಕೆ ಆಗಲ್ಲ. ನಮ್ಮತ್ತೆಗೆ ಆ ಜಾಗ ನೋಡುವ ಆಸೆ ಇನ್ನೂ ಹಾಗೇ ಇದೆ. ಫೋನ್ ನಾಲ್ಕು ಸಲ ಮಾಡಿದರೆ ಒಂದು ಸಲ ಎತ್ತುತ್ತಾರೆ. ಕುಂಡಗಳ ಆಯ್ಕೆ ಕಡಿಮೆ, ಬೆಲೆಯೂ ಅಷ್ಟೇನೂ ಅಗ್ಗ ಇಲ್ಲ. ಕುಂಡ ಬೇರೆ ಕಡೆ ತಗೊಳ್ಳಿ. ಗಿಡ, ಗೊಬ್ಬರ, ಸಲಹೆಗೆ ಮಾತ್ರ ಇಲ್ಲಿಗೇ ಹೋಗಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ಚೀಟಿ ಇಲ್ಲದ್ದಕ್ಕೆ.

ಬೆಳಿಗ್ಗೆ 8ರಿಂದ 12ರ ತನಕ ಯಜಮಾನರು ಇರುತ್ತಾರೆ, ಆಮೇಲೆ ಊಟಕ್ಕೆ ಹೋದರೆ ನಾಲ್ಕರ ಮೇಲೆಯೇ. ಮಂಗಳವಾರ ರಜೆ. ಈಗ ಸ್ಕ್ಯಾನ್ ಮಾಡಿ ದುಡ್ಡು ಕೊಡಬಹುದು, ಆದರೂ ಚಿಲ್ಲರೆ ಇರಲಿ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತೆ. ಹೂ ಬಿಡದ ಗಿಡದ ಬಗ್ಗೆ ಕೇಳೋದಿದ್ದರೆ ಒಂದು ಅಡಿ ಕೊಂಬೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಒಂದು ಹಿಡಿ ಮಣ್ಣು, ಇಲ್ಲಿಯವರೆಗೆ ಹಾಕಿದ ಗೊಬ್ಬರದ ಪೊಟ್ಟಣ ಎಲ್ಲ ತೆಗೆದುಕೊಂಡು ಹೋಗಿ. ಅದಕ್ಕೂ ಮೊದಲು ಒಂದು ಭಾನುವಾರ ಚಾಕ್ ಹಿಡಿದು ಬಿಸಿಲಿನ ಗಂಟೆ ಎಣಿಸಿಟ್ಟುಕೊಳ್ಳಿ, ಅವರು ಮೊದಲು ಕೇಳೋದು ಅದನ್ನೇ.